ಬೊಂದೋನ ಬಲಹೆಗಲು

ಸೊನ್ನೆಯಿಂದ ಹತ್ತರವರೆಗೆ, ಬೊಂದೋ,
ನೋವಿಗೊಂದು ಅಂಕಿ ಕೊಡು ಎಂದೆ.
ಲೆಕ್ಕದಲ್ಲಿ ನಾನು ದಡ್ಡ, ಏತೆರಿ,
ರೊಟ್ಟಿಯಲ್ಲಿ ಹೇಳುತ್ತೇನೆ, ಬರೆದುಕೋ:
ಒಲೆಯ ಗೋಡೆಗೆ ಮೂರು ಬಡಿಯಬಲ್ಲೆ,
ನಾಲ್ಕಕ್ಕೆ ಕಣ್ಣು ಕತ್ತಲಿಡುತ್ತದೆ.
ಫಾರಮ್ಮಿನಲ್ಲಿ ರೊಟ್ಟಿಗೆ ಜಾಗವಿಲ್ಲ.
ಏಳು ಎಂದು ಗೀಚಿದೆ.

ಅವನ ಒಲೆ ಒಂದು ಬಾವಿ,
ತಳದಲ್ಲಿ ನೀರಿನ ಬದಲು ದ್ರಾಕ್ಷಿಬಳ್ಳಿಯ ಕೆಂಡ.
ಸೊಂಟದವರೆಗೆ ಒಳಕ್ಕೆ ಬಾಗಿ
ಹಿಟ್ಟಿನ ದೋಣಿಯನ್ನು ಫಟ್ಟೆಂದು ಮಣ್ಣಿಗೆ ಹೊಡೆದು
ಕಟ್ಟಿದ ಉಸಿರು ಬಿಡುವ ಮೊದಲೇ ಮೇಲೇಳಬೇಕು.
ಮೂವತ್ತೊಂದು ವರ್ಷ ಹಾಗೆ ಬಾಗಿ ಎದ್ದವನು
ಫೆಬ್ರವರಿಯ ಮಂಜುಗಡ್ಡೆಯಲ್ಲಿ
ಅಂಗಡಿಯ ಒಂದೇ ಒಂದು ಮೆಟ್ಟಿಲಿಂದ ಬಿದ್ದ.
ಹರಿದದ್ದನ್ನು ಕುತೈಸಿಯ ಡಾಕ್ಟರು ಹೊಲಿದರು.
ಆರು ವಾರ ಜೋಳಿಗೆಯಲ್ಲಿ ಮಲಗಿದ ತೋಳು
ಜೋಳಿಗೆ ಬಿಚ್ಚಿದರೂ ಏಳಲೊಲ್ಲದು.

ಹೆಪ್ಪುಗಟ್ಟಿದೆ, ಎಂದೆ.
ಹೆಪ್ಪುಗಟ್ಟಿದ್ದು ಮತ್ತೆ ಹಾಲಾದದ್ದುಂಟೇ? ಎಂದ.
ಹಾಲಾಗುವುದಿಲ್ಲ. ಕಡೆಯಬೇಕು.

ಮೊದಲು ಹಬೆಯಾಡುವ ಒದ್ದೆ ಬಟ್ಟೆ. ಆಮೇಲೆ ಮೇಜಿಗೊರಗಿ
ತೋಳನ್ನು ಗಡಿಯಾರದ ಲೋಲಕದಂತೆ ಇಳಿಬಿಡು.
ನೀನು ತೂಗಬೇಡ, ಅದೇ ತೂಗಲಿ.
ಆಮೇಲೆ ಕೊಳ.
ಒಂದು ಕಾಲಕ್ಕೆ ಇಡೀ ಸೋವಿಯತ್ತಿನ ಕೀಲುಗಳು
ರೈಲು ಹತ್ತಿ ಬರುತ್ತಿದ್ದ ಊರು ಈ ತ್ಸ್ಖಾಲ್ತುಬೊ.
ಈಗ ಅಮೃತಶಿಲೆಯ ಮೆಟ್ಟಿಲ ಬಿರುಕಲ್ಲಿ ಅಂಜೂರದ ಗಿಡ.
ಸರ್ಕಾರ ಬಿದ್ದ ಸುದ್ದಿ ನೀರಿಗೆ ಮಾತ್ರ ಮುಟ್ಟಿಲ್ಲ,
ನೆಲದೊಳಗಿಂದ ಬೆಚ್ಚಗೆ ಬರುತ್ತಲೇ ಇದೆ.
ಕತ್ತಿನವರೆಗೆ ಮುಳುಗಿ ನಿಂತ ಬೊಂದೋನ ತೋಳು
ತಾನಾಗಿ ತೇಲಿ ಮೇಲೆ ಬಂತು.
ಯಾರದೋ ತೋಳಿನ ಹಾಗೆ ಅದನ್ನು ನೋಡಿದ. ನಕ್ಕ.
ನೀರು ಬಿಟ್ಟೊಡನೆ
ಅದು ಮತ್ತೆ ಅವನದಾಯಿತು, ಕಲ್ಲು.

ಬೈಯುತ್ತಾನೆ. ನನ್ನ ಅಜ್ಜಿಯನ್ನೂ ಬಿಡದೆ ಬೈಯುತ್ತಾನೆ.
ನಾನು ಹೆಗಲೆಲುಬಿನ ಅಂಚಿಗೆ ಹೆಬ್ಬೆರಳೊತ್ತಿ
ಕಾಯುತ್ತೇನೆ. ಕೈಗೆ ತಿಳಿಯುತ್ತದೆ
ಯಾವುದು ಹೆದರಿದ ನೋವು, ಯಾವುದು ಹರಿಯುವ ನೋವು.
ಒಂದನ್ನು ದಾಟಬಹುದು, ಇನ್ನೊಂದರ ಮುಂದೆ ನಿಲ್ಲಬೇಕು.
ಇಪ್ಪತ್ತು ವರ್ಷದಲ್ಲಿ ಕಲಿತದ್ದು ಇಷ್ಟೇ,
ಅದೂ ಒಮ್ಮೊಮ್ಮೆ ತಪ್ಪುತ್ತದೆ.

ಕೊನೆಗೆ ಗೋಡೆ.
ಬೆರಳುಗಳಿಂದ ಹತ್ತು, ಜೇಡನ ಹಾಗೆ.
ನಿಂತಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು.
ಏಪ್ರಿಲ್ ನಾಲ್ಕು: ಅಂಗಿಯ ಎರಡನೇ ಗುಂಡಿ.
ಹತ್ತೊಂಬತ್ತು: ಗದ್ದ.
ಮೇ ಎರಡು: ಮತ್ತೆ ಗದ್ದ.
ಮೇ ಒಂಬತ್ತು: ಗದ್ದಕ್ಕಿಂತ ಕೆಳಗೆ,
ಹಿಂದಿನ ರಾತ್ರಿ ಹಿಟ್ಟಿನ ಮೂಟೆ ಎತ್ತಿದನಂತೆ, ಮೂರ್ಖ.

ಗೆರೆ ಎಳೆಯುವಾಗ ಅವನಿಗೆ ಬೆನ್ನು ಮಾಡುತ್ತೇನೆ.
ಸುಖುಮಿಯಲ್ಲಿ, ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ
ಹೀಗೇ ಗೆರೆಗಳಿದ್ದವು, ನನ್ನವು, ತಮ್ಮನವು.
ಹನ್ನೊಂದನೇ ವರ್ಷದ ಗೆರೆಯಲ್ಲಿ ನಾನು ನಿಂತುಬಿಟ್ಟೆ.
ಆಮೇಲೆ ಬೆಳೆದದ್ದು ಈ ಊರಿನ ಪಾಳು ಸ್ಯಾನಟೋರಿಯಮ್ಮಿನ
ಮೂರನೇ ಮಹಡಿಯಲ್ಲಿ; ಅದನ್ನು ಯಾರೂ ಅಳೆಯಲಿಲ್ಲ.
ಇದನ್ನು ಬೊಂದೋಗೆ ಹೇಳಿಲ್ಲ.
ಹೆಗಲಿಗೂ ಇದಕ್ಕೂ ಸಂಬಂಧವಿಲ್ಲ.

ಜೂನ್: ಹುಬ್ಬು.
ಜೂನ್: ಹುಬ್ಬು.
ಜೂನ್ ಕೊನೆ: ಹುಬ್ಬಿಗಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ.
ಇಷ್ಟೇ ಇರಬಹುದು, ಎಂದೆ. ಪೂರ್ತಿ ಬರದೆಯೂ ಇರಬಹುದು.
ಅವನು ಗೋಡೆಯನ್ನು ಬಹಳ ಹೊತ್ತು ನೋಡಿದ.
ನನ್ನ ಒಲೆಯಲ್ಲಿ ಕೈ ಮೇಲೆ ಹೋಗುವುದಿಲ್ಲವಲ್ಲ, ಏತೆರಿ,
ಕೆಳಗೆ ಹೋಗುತ್ತದೆ.

ಮೂರು ತಿಂಗಳು. ಒಮ್ಮೆಯೂ ಹೊಳೆದಿರಲಿಲ್ಲ ನನಗೆ.

ಮರುದಿನ ನೀರು ತುಂಬುವ ಹಳೆಯ ಪೀಪಾಯಿ ಉರುಳಿಸಿ ತಂದು
ಒದ್ದೆ ಟವೆಲ್ಲು ಮಡಿಸಿ ಕೈಗಿಟ್ಟೆ.
ಬಾಗು. ಬಡಿ. ಏಳು.
ನಾಲ್ಕನೆಯದು ಜಾರಿ ತಳಕ್ಕೆ ಬಿತ್ತು, ಅವನು ಅಜ್ಜಿಯನ್ನು ಬೈದ.
ಐದನೆಯದು ಹಿಡಿಯಿತು.
ಪೀಪಾಯಿಯೊಳಗಿಂದ ಅವನ ದನಿ ಗುಂಯ್‌ಗುಟ್ಟುತ್ತ
ಎಣಿಸುತ್ತಿತ್ತು, ಲೆಕ್ಕದಲ್ಲಿ ದಡ್ಡನ ದನಿ.
ಹನ್ನೊಂದಕ್ಕೆ ನಿಲ್ಲಿಸಿ ನೆಲದಲ್ಲೇ ಕೂತ,
ಬೆವರು ಒರೆಸಿಕೊಂಡ,
ಹಸಿವಾಗುತ್ತಿದೆ ಎಂದ.